ಇರಿಫುನೆ ಲೋಕಲ್ ತಡವಾಗಿ ಬರುತ್ತಿದೆ

ಇರಿಫುನೆ ಸೊಸುಕೆಯನ್ನು ಜನಪ್ರಿಯ ಮಾಡಿದ್ದು ಅವನ ಕಾಲಲ್ಲ, ನನ್ನ ಬಾಯಿ. ಈ ಮಾತನ್ನು ಮೂರು ವರ್ಷ ಎದೆ ತಟ್ಟಿಕೊಂಡು ಹೇಳುತ್ತ ತಿರುಗಿದ್ದೇನೆ. ಈಗ ಅದು ನೆನಪಾದರೆ ಯಾರದಾದರೂ ಕಪಾಳಕ್ಕೆ ಬಾರಿಸಬೇಕು ಅನ್ನಿಸುತ್ತದೆ. ಕೈಗೆ ಹತ್ತಿರದ ಕಪಾಳ ನನ್ನದೇ ಆಗಿರುವುದರಿಂದ ಸುಮ್ಮನಿದ್ದೇನೆ.

ನಮ್ಮೂರು ಹಮಾಸೆ. ಒಂದು ಬಂದರು, ನಾಲ್ಕು ಮೀನಿನ ಕಾರ್ಖಾನೆ, ಎರಡೇ ಬೋಗಿಯ ರೈಲು, ಒಂದು ಹಳೆ ಟಾಕೀಸು, ಒಂದು ಫುಟ್‌ಬಾಲ್ ಕ್ಲಬ್ಬು. ಕ್ಲಬ್ಬು ಎರಡನೇ ಡಿವಿಷನ್ನಿನಲ್ಲಿ ಪ್ರತಿ ವರ್ಷ ಹದಿನೈದನೆಯದೋ ಹದಿನಾರನೆಯದೋ ಆಗಿ ಉಸಿರು ಬಿಡುತ್ತದೆ. ನಾನು ವಾರದಲ್ಲಿ ಐದು ದಿನ ಮೀನು ಅರೆಯುತ್ತೇನೆ. ಶನಿವಾರ ಟಾಕೀಸಿನಲ್ಲಿ ಹಳೆ ಕತ್ತಿವರಸೆಯ ಸಿನಿಮಾ, ರೌಡಿಗಳ ಸಿನಿಮಾ ನೋಡಿ ಡೈಲಾಗು ಬಾಯಿಪಾಠ ಮಾಡುತ್ತೇನೆ. ಭಾನುವಾರ ಸ್ಟೇಡಿಯಮ್ಮಿನಲ್ಲಿ ಗೋಲಿನ ಹಿಂದಿನ ಗ್ಯಾಲರಿಯಲ್ಲಿ ಕಬ್ಬಿಣದ ಸ್ಟೂಲು ಹತ್ತಿ ಮೆಗಾಫೋನ್ ಹಿಡಿಯುತ್ತೇನೆ. ಕೂಗು ಹಿಡಿಯುವವನು ನಾನು. ಹೆಸರು ಕಾಬುರಾಗಿ ಮಿನೊರು, ಎಲ್ಲರ ಬಾಯಲ್ಲಿ ಕಾಬು. ನಾನು ಕೈ ಎತ್ತಿದರೆ ಆರುನೂರು ಜನ ಉಸಿರು ಹಿಡಿಯುತ್ತಾರೆ, ಇಳಿಸಿದರೆ ಹಾಡುತ್ತಾರೆ. ಸ್ಟೂಲಿನ ಪಕ್ಕ ಡೋಲು ಬಾರಿಸುವವಳು ನಟ್ಸುಮೆ. ಹಲ್ಲಿನ ಡಾಕ್ಟರ ಹತ್ತಿರ ಕೆಲಸ ಅವಳಿಗೆ. ನಾನು ಡೈಲಾಗು ಶುರು ಮಾಡಿದರೆ ಸಾಕು, "ಬಾಯಿ ತೆಗಿ, ಯಾವ ಹಲ್ಲಿಂದ ಬರ್ತಿದೆ ನೋಡ್ತೀನಿ" ಅನ್ನುತ್ತಾಳೆ.

ಮೂರು ವರ್ಷದ ಹಿಂದೆ ಒಂದು ಮ್ಯಾಚಿನಲ್ಲಿ ಎದುರಾಳಿಗಳು ಚೆಂಡು ತಳ್ಳಿಕೊಂಡು ನಮ್ಮ ಗೋಲಿನತ್ತ ನುಗ್ಗಿದ್ದರು. ನಟ್ಸುಮೆ ಡೋಲು ನಿಲ್ಲಿಸದೆಯೇ ಕಿರುಚಿದಳು: "ಎಲ್ರೂ ವಾಪಸ್ ಬಂದ್ರು ಕಣೋ, ಇರಿಫುನೆ ಒಬ್ಬ ಇನ್ನೂ ಬಂದಿಲ್ಲ!"

ನನ್ನ ಬಾಯಿ ಸುಮ್ಮನಿರುತ್ತದೆಯೇ? ಸ್ಟೇಷನ್ನಿನ ಮೈಕಿನ ಹೆಂಗಸಿನ ದನಿ ಮಾಡಿ ಮೆಗಾಫೋನಿನಲ್ಲಿ ಹೇಳಿಬಿಟ್ಟೆ: "ಪ್ರಯಾಣಿಕರು ದಯವಿಟ್ಟು ಗಮನಿಸಿ. ಇರಿಫುನೆ ಲೋಕಲ್ ತಡವಾಗಿ ಬರುತ್ತಿದೆ. ನಿಮಗಾದ ತೊಂದರೆಗೆ ಕ್ಷಮೆ ಇರಲಿ."

ಗ್ಯಾಲರಿ ಬಿದ್ದು ಬಿದ್ದು ನಕ್ಕಿತು. ಮುಂದಿನ ವಾರ ಅದಕ್ಕೊಂದು ರಾಗ ಹಾಕಿದೆ.

ಇರಿಫುನೆ ಲೋಕಲ್ಲು ತಡವಾಗಿ ಬರುತಿದೆ
ಕ್ಷಮಿಸಿ ಕ್ಷಮಿಸಿ ಪ್ರಯಾಣಿಕರೇ
ಚೀಟಿ ಬೇಕಾದವರು ಚೀಟಿ ತಗೊಳ್ಳಿ
ಬಂದೇ ಬರುತಾನೆ, ಕಾಯ್ತಾ ಇರಿ

ನಮ್ಮಲ್ಲಿ ರೈಲು ಐದು ನಿಮಿಷ ತಡವಾದರೂ ಸ್ಟೇಷನ್ನಿನವರು ತಲೆ ಬಗ್ಗಿಸಿ ಒಂದು ಚೀಟಿ ಕೊಡುತ್ತಾರೆ. ಆಫೀಸಿನಲ್ಲಿ ತೋರಿಸಿದರೆ ಬೈಗುಳ ತಪ್ಪುತ್ತದೆ. ಆ ಚೀಟಿಗಳನ್ನು ಜನ ಜೋಪಾನವಾಗಿ ಎತ್ತಿಟ್ಟುಕೊಂಡು ಬಂದು, ಇರಿಫುನೆ ಕಾಲಿಗೆ ಚೆಂಡು ಸಿಕ್ಕಾಗಲೆಲ್ಲ ಗಾಳಿಯಲ್ಲಿ ಆಡಿಸತೊಡಗಿದರು. ಯಾರೋ ಅದರ ವಿಡಿಯೋ ಹಾಕಿದರು. ಅಷ್ಟೇ, ದೇಶವೆಲ್ಲ ಹಬ್ಬಿತು. ಟೀವಿಯವರು ಬಂದರು. ಇರಿಫುನೆಗೆ ಟೋಪಿ, ಬಿಳಿ ಕೈಗವಸು ತೊಡಿಸಿ ಹಮಾಸೆ ಸ್ಟೇಷನ್ನಿಗೆ ಒಂದು ದಿನದ ಸ್ಟೇಷನ್ ಮಾಸ್ಟರ್ ಮಾಡಿದರು. ಅವನು ಸೀಟಿ ಊದಿದ, ರೈಲು ಬೇಕೆಂದೇ ಎರಡು ನಿಮಿಷ ತಡವಾಗಿ ಹೊರಟಿತು. ಪ್ಲಾಟ್‌ಫಾರ್ಮ್ ತುಂಬ ಮುದುಕಿಯರು, ಮಕ್ಕಳು, ಫೋನು ಹಿಡಿದ ಕಾಲೇಜು ಹುಡುಗಿಯರು. ಕ್ಲಬ್ಬಿನ ಅಂಗಡಿಯಲ್ಲಿ ಅವನ ಮುಖದ ಟವೆಲು, ಅವನ ಮುಖದ ಬಿಸ್ಕತ್ತು, ಒತ್ತಿದರೆ "ತಡವಾಗಿ ಬರುತ್ತಿದೆ" ಅನ್ನುವ ಬೊಂಬೆ. ಗೋಲು ಹೊಡೆಯುವವನ ಅಂಗಿಗಿಂತ ಮೂರು ಪಟ್ಟು ಹೆಚ್ಚು ಮಾರಿದ್ದು ಬಲತುದಿಯಲ್ಲಿ ಗೋಲು ಕಾಯುವ ಈ ರೈಟ್ ಬ್ಯಾಕಿನ ಎರಡನೇ ನಂಬರಿನ ಅಂಗಿ.

ನನಗೆ ಕೊಂಬು ಬರದೆ ಇನ್ನೇನು? ಕಾರ್ಖಾನೆಯಲ್ಲಿ ಮೀನು ಅರೆಯುತ್ತಲೇ "ಒಬ್ಬ ಮನುಷ್ಯನನ್ನು ಹುಟ್ಟಿಸೋಕೆ ಒಂಬತ್ತು ತಿಂಗಳು ಬೇಕು, ನನಗೆ ಒಂದು ಮೆಗಾಫೋನ್ ಸಾಕು" ಎಂದು ಡೈಲಾಗು ಹೊಡೆಯುತ್ತಿದ್ದೆ.

ಒಂದು ವಿಷಯದ ಬಗ್ಗೆ ಮಾತ್ರ ಯಾರೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಹಾಡು ಹುಟ್ಟುವ ಮುಂಚೆ ಇರಿಫುನೆ ಪ್ರತಿ ಮ್ಯಾಚೂ ಮೊದಲಿನಿಂದ ಕೊನೆಯವರೆಗೆ ಆಡುತ್ತಿದ್ದ. ಹಾಡು ಹುಟ್ಟಿದ ಮೇಲೆ ಬೆಂಚಿನಲ್ಲಿ ಕೂತು ಎಂಬತ್ತನೇ ನಿಮಿಷಕ್ಕಷ್ಟೇ ಮೈದಾನಕ್ಕೆ ಇಳಿಯುತ್ತಿದ್ದ. ಅವನು ತಡವಾಗಿ ಬಂದರೇ ಅಲ್ಲವೇ ಹಾಡಿಗೆ ರುಚಿ?

ನವೆಂಬರಿನ ಒಂದು ಗುರುವಾರ ಪ್ರಾಕ್ಟೀಸು ನೋಡಲು ಹೋಗಿದ್ದೆ. ಪ್ರಾಕ್ಟೀಸು ಮುಗಿದ ಮೇಲೆ ಆಟಗಾರರು ಬೇಲಿಯ ಹತ್ತಿರ ಬಂದು ಜನರಿಗೆ ಸಹಿ ಹಾಕಿಕೊಡುತ್ತಾರೆ. ಉಳಿದವರ ಮುಂದೆ ನಾಲ್ಕೈದು ಜನ, ಇರಿಫುನೆ ಮುಂದೆ ಇನ್ನೂರು. ಮುಕ್ಕಾಲು ಗಂಟೆ ನಿಂತು ಕೊನೆಯ ಮಗುವಿನ ಬೊಂಬೆಗೂ ಸಹಿ ಹಾಕಿ, ನಗುನಗುತ್ತಲೇ ಅದರ ತಲೆ ಸವರಿ, ನನ್ನ ಕಡೆ ತಿರುಗಿದ. ತಿರುಗುವಷ್ಟರಲ್ಲಿ ನಗು ಹೋಗಿತ್ತು.

"ನೀನೇ ಅಲ್ವಾ ಕಾಬುರಾಗಿ?"

"ನಾನೇ, ಇರಿಫುನೆ ಸಾನ್. ಗಂಟಲು ನಂದು, ಹೆಸರು ನಿಮ್ದು." ಎದುರಿಗೆ ಸಿಕ್ಕಾಗ ಹೆಸರಿಗೆ ಮರ್ಯಾದೆಯ ಸಾನ್ ಸೇರಿಸಲೇಬೇಕು, ಅದು ನಮ್ಮ ಕಡೆಯ ರೂಢಿ.

"ಭಾನುವಾರ ಆ ಹಾಡು ಹಾಡಿಸ್ಬೇಡ."

ನಾನು ತಮಾಷೆ ಎಂದುಕೊಂಡೆ. ಅವನು ಬೇಲಿಯ ತಂತಿಗೆ ಬೆರಳು ಸಿಕ್ಕಿಸಿ ನಿಂತ.

"ಭಾನುವಾರ ಮೊದಲಿಂದ ಆಡ್ತೀನಿ. ನನ್ನ ಜಾಗದಲ್ಲಿ ಆಡೋ ಹುಡುಗನಿಗೆ ಹಳದಿ ಕಾರ್ಡ್ ಜಾಸ್ತಿಯಾಗಿ ಒಂದು ಮ್ಯಾಚ್ ಹೊರಗಿಟ್ಟಿದಾರೆ. ನನ್ನ ತಗೊಳ್ಳೋದಾ ಅಂತ ಕಸಾನೆ ಕ್ಲಬ್ಬಿನವರು ನೋಡೋಕೆ ಬರ್ತಿದಾರೆ. ಮೂರನೇ ಡಿವಿಷನ್ ಕ್ಲಬ್ಬು, ಆದ್ರೂ ಆಟ ಅಲ್ವಾ? ನನಗೆ ಮೂವತ್ಮೂರು. ಇಲ್ಲಿ ಕಾಂಟ್ರ್ಯಾಕ್ಟ್ ಮುಂದುವರ್ಸಲ್ಲ ಅಂದ್ಬಿಟ್ರು. ಆಟ ಬಿಟ್ಟು ಆ ಟೋಪಿ ಹಾಕ್ಕೊಂಡು ಆಫೀಸಿಗೆ ಬನ್ನಿ, ಸಂಬಳ ಕೊಡ್ತೀವಿ ಅಂದ್ರು. ಜನ ಸೇರಿಸೋಕೆ ಝೂನಲ್ಲಿ ಪಾಂಡಾ ಇಡ್ತಾರಲ್ಲ, ಹಾಗೆ. ಇನ್ನು ಎರಡು ವರ್ಷ ಆಡೋ ಕಾಲಿದೆ ನಂಗೆ. ತೊಂಬತ್ತು ನಿಮಿಷ. ತೊಂಬತ್ತೇ ನಿಮಿಷ ಯಾರೂ ನಗದೆ ನನ್ನ ಆಟ ನೋಡ್ಲಿ."

ನಾನು ತಲೆಯಾಡಿಸಿ ಹೋಗಿದ್ದರೆ ಮುಗಿಯುತ್ತಿತ್ತು. ಆದರೆ ನನಗೆ ಸಿಟ್ಟು ಬಂತು. ಬಡಿಸಿದವನ ಮುಖಕ್ಕೇ ಅನ್ನ ಎಸೆದ ಹಾಗಾಯಿತು.

"ಇರಿಫುನೆ ಸಾನ್, ಮೂರು ವರ್ಷದ ಹಿಂದೆ ನಿಮ್ಮಮ್ಮನ್ನ ಬಿಟ್ರೆ ನಿಮ್ಮನ್ನ ಯಾರು ಕೇಳ್ತಿದ್ರು? ಇವತ್ತು ಇನ್ನೂರು ಜನ ನಿಂತಿದ್ರಲ್ಲ, ಅದು ಯಾರಿಂದ?"

"ಮೂರು ವರ್ಷದ ಹಿಂದೆ ಆಟ ನೋಡೋರು ನನ್ನ ಕೇಳ್ತಿದ್ರು."

"ನಾನೂ ಆಟ ನೋಡ್ತೀನಿ. ಆರು ವರ್ಷದಲ್ಲಿ ಒಂದು ಮ್ಯಾಚ್ ತಪ್ಸಿಲ್ಲ."

"ನೋಡ್ತೀಯಾ?" ಅವನ ದನಿ ಏರಲಿಲ್ಲ, ಅದೇ ಕೆಟ್ಟದಾಗಿತ್ತು. "ಸ್ಟೂಲ್ ಮೇಲೆ ನಿಂತು ಜನರ ಕಡೆ ಮುಖ ಮಾಡ್ಕೊಂಡಿರ್ತೀಯಲ್ಲೋ ಮಾರಾಯ. ಆರು ವರ್ಷದಿಂದ ಮೈದಾನದಿಂದ ನನಗೆ ಕಾಣಿಸೋದು ನಿನ್ನ ಬೆನ್ನು. ಆ ಹಸಿರು ಜಾಕೆಟ್ಟಿನ ಬೆನ್ನಲ್ಲಿ ಎಡಗಡೆ ಹೊಲಿಗೆ ಬಿಟ್ಟಿದೆ, ಅದೂ ಗೊತ್ತು ನಂಗೆ. ನಾನು ಓಡೋದನ್ನ ನೀನು ಒಂದೇ ಒಂದು ಸಲ ನೋಡಿದೀಯಾ? ನಾನು ತಡವಾಗಿ ಬರ್ತೀನಿ ಅಂತ ನಿಂಗೆ ಯಾರು ಹೇಳಿದ್ದು? ನಿನ್ನ ಬೆನ್ನು ಹೇಳ್ತಾ?"

ಬಾಯಲ್ಲಿ ನೂರೆಂಟು ಸಿನಿಮಾ ಇಟ್ಟುಕೊಂಡವನು ನಾನು. ಕೈ ಮಾತ್ರ ಬೆನ್ನಿಗೆ ಹೋಗಿ ಆ ಬಿಟ್ಟ ಹೊಲಿಗೆಯನ್ನು ತಡಕಿತು. ಕೂಗು ಹಿಡಿಯುವವನು ಮೈದಾನಕ್ಕೆ ಬೆನ್ನು ಹಾಕಿಯೇ ನಿಲ್ಲಬೇಕು, ಅದು ನಮ್ಮ ಪದ್ಧತಿ. ಗೋಲಾದರೂ ತಿರುಗಬಾರದು, ಜನರ ಮುಖ ನೋಡಿಯೇ ತಿಳಿಯಬೇಕು. ಅದನ್ನೇ ನಾನು ದೊಡ್ಡ ತ್ಯಾಗ ಎಂದು ಹೇಳಿಕೊಳ್ಳುತ್ತಿದ್ದೆ.

ಸಂಜೆ ನಟ್ಸುಮೆಯನ್ನು ನೂಡಲ್ಸ್ ಅಂಗಡಿಗೆ ಕರೆದೆ.

"ಅವತ್ತು ಇರಿಫುನೆ ಬಂದಿಲ್ಲ ಅಂದ್ಯಲ್ಲ, ಯಾಕೆ ಬಂದಿರ್ಲಿಲ್ಲ?"

"ನಂಗೇನು ಗೊತ್ತು? ಡೋಲು ಬಾರಿಸ್ತಾ ಕಣ್ಣಂಚಲ್ಲಿ ನೋಡಿದ್ದು. ಬಂದಿಲ್ಲ ಅಂದೆ ಅಷ್ಟೇ. ತಡ ಅಂದಿದ್ದು ನೀನು, ರೈಲು ಅಂದಿದ್ದು ನೀನು, ರಾಗ ಹಾಕಿದ್ದು ನೀನು."

"ನೀನು ಡೋಲು ಹಾಕ್ದೆ."

"ಹಾಕ್ದೆ. ಅದಕ್ಕೇ ಈ ನೂಡಲ್ಸ್ ಗಂಟಲಲ್ಲಿ ಇಳೀತಿಲ್ಲ." ಹೀಗೆಂದವಳು ಬಟ್ಟಲನ್ನು ನನ್ನ ಕಡೆ ತಳ್ಳಿದಳು. "ಈಗ ಏನ್ ಮಾಡ್ತೀಯ ಹೇಳು. ಡೈಲಾಗ್ ಬೇಡ."

ಶುಕ್ರವಾರ ಕಾರ್ಖಾನೆಗೆ ರಜೆ ಹಾಕಿ ಕ್ಲಬ್ಬಿನ ಆಫೀಸಿಗೆ ಹೋದೆ. ಪ್ರಚಾರ ನೋಡಿಕೊಳ್ಳುವ ಸೆರಿಜಾವ ಎಂಬ ಮನುಷ್ಯ ಅಲ್ಲಿ ಕುಳಿತಿದ್ದ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ನಗು. ಗೋಡೆಯ ತುಂಬ ಪೋಸ್ಟರು: ಈ ಭಾನುವಾರ ಇರಿಫುನೆ ಲೋಕಲ್ ದಿನ.

"ಕಾಬುರಾಗಿ ಸಾನ್! ಬನ್ನಿ ಬನ್ನಿ, ಟೀ ತಗೊಳ್ಳಿ. ನಮ್ಮ ಹಾಡಿನ ಅಪ್ಪ ಬಂದ್ರು ನೋಡ್ರೀ."

"ಸೆರಿಜಾವ ಸಾನ್, ಭಾನುವಾರ ಹಾಡು ಬೇಡ. ಅವರೇ ಕೇಳಿದಾರೆ."

"ಅಯ್ಯೋ, ಆಗಲ್ಲವಲ್ಲ. ಟಿಕೆಟ್ ಎಲ್ಲ ಹೋಗಿದೆ. ಗೇಟಲ್ಲಿ ಹತ್ತು ಸಾವಿರ ಚೀಟಿ ಹಂಚ್ತಿದೀವಿ, ಕುತ್ತಿಗೆಗೆ ಹಾಕ್ಕೊಳ್ಳೋ ಥರ ದಾರ ಕಟ್ಟಿ. ದೊಡ್ಡ ಪರದೆ ಮೇಲೆ ಸಾಹಿತ್ಯ ಬರುತ್ತೆ, ಮೈಕಲ್ಲಿ ಸ್ಟೇಷನ್ ಗಂಟೆ. ಒಂದೇ ತಲೆನೋವಿತ್ತು ನಮಗೆ, ಅವರು ಮೊದಲಿಂದ ಆಡಿದ್ರೆ ತಡವಾಗಿ ಬರೋದು ಹೇಗೆ ಅಂತ. ಅದಕ್ಕೂ ದಾರಿ ಸಿಕ್ತು. ಹತ್ತು ಜನ ಮೊದಲು ಮೈದಾನಕ್ಕೆ ಬರ್ತಾರೆ. ಇವರು ಟೋಪಿ ಹಾಕ್ಕೊಂಡು ಎರಡು ನಿಮಿಷ ಬಿಟ್ಟು ಒಬ್ರೇ ಬರ್ತಾರೆ. ಹೆಂಗೆ?"

ನನಗೆ ಸಿಟ್ಟು ಬಂತು. ಈ ಮನುಷ್ಯನ ಮೇಲಲ್ಲ, ಮೊದಲು ನನ್ನ ಮೇಲೆ. ಮೂರು ವರ್ಷದ ಹಿಂದೆ ಈ ಐಡಿಯಾ ನನಗೇ ಹೊಳೆದಿದ್ದರೆ ಕುಣಿದಾಡಿರುತ್ತಿದ್ದೆ.

"ಅವರು ಆಟಗಾರ ಸೆರಿಜಾವ ಸಾನ್. ಕೋಡಂಗಿ ಅಲ್ಲ."

"ಜನ ಅವರನ್ನ ಪ್ರೀತಿಸ್ತಾರೆ ಕಾಬುರಾಗಿ ಸಾನ್. ಪ್ರೀತಿ ಯಾವ ದಾರೀಲಿ ಬಂದ್ರೇನು?"

"ಹಾಡು ನಂದು. ನಿಲ್ಸಿ ಅಂತ ನಾನು ಹೇಳ್ತಿದೀನಿ."

"ನಿಮ್ದಾಗಿತ್ತು. ಈಗ ಊರಿಂದು." ಟೀ ಬಟ್ಟಲನ್ನು ಎರಡೂ ಕೈಯಲ್ಲಿ ನನ್ನ ಮುಂದೆ ಸರಿಸಿದ. "ಸ್ಟೂಲು, ಮೆಗಾಫೋನು, ಡೋಲು, ಎಲ್ಲಕ್ಕೂ ಪರ್ಮಿಷನ್ ಕೊಡೋದು ಮಾತ್ರ ಈ ಆಫೀಸು. ನಿಮಗೆ ಗೊತ್ತಲ್ಲ."

ನಾನು ಎದ್ದು, ನನ್ನ ಅತ್ಯಂತ ಗಡುಸಾದ ರೌಡಿ ದನಿಯಲ್ಲಿ ಹೇಳಿದೆ: "ಇವತ್ತು ಬಾಗಿಲು ತಟ್ಟಿ ಬಂದೆ. ಇನ್ನೊಂದು ಸಲ ಬರೋವಾಗ ಬಾಗಿಲು ಇರಲ್ಲ."

"ಅದು ಪಕ್ಕಕ್ಕೆ ಎಳೆಯೋ ಬಾಗಿಲು. ಹೋಗ್ತಾ ಮೆಲ್ಲಗೆ ಎಳೀರಿ, ಚಕ್ರ ಸವೆದಿದೆ."

ಮೆಲ್ಲಗೇ ಎಳೆದೆ. ಆ ಸಿಟ್ಟು ಇನ್ನೂ ಹೊಟ್ಟೆಯಲ್ಲಿದೆ.

ಚೀಟಿ ಇಲ್ಲದಿದ್ದರೆ ಅರ್ಧ ತಮಾಷೆ ಸಾಯುತ್ತದೆ ಎಂದು ಲೆಕ್ಕ ಹಾಕಿದೆವು. ಭಾನುವಾರ ಬೆಳಿಗ್ಗೆ ಎಂಟಕ್ಕೆ ನಾನು, ನಟ್ಸುಮೆ ಇಬ್ಬರೂ ಸ್ವಯಂಸೇವಕರ ಹಳದಿ ಅಂಗಿ ತೊಟ್ಟು ಮೂರನೇ ಗೇಟಿಗೆ ಹೋದೆವು. ಚೀಟಿಯ ಇಪ್ಪತ್ತು ಡಬ್ಬಗಳು ಒಂದರ ಮೇಲೊಂದು ಕುಳಿತಿದ್ದವು. ಕೈಗಾಡಿಗೆ ಹೇರಿದೆವು. "ಒಳ್ಳೇ ಕೆಲಸ ಮಾಡ್ತಿದೀರಪ್ಪ, ಚಳೀಲಿ" ಎಂದು ಕಾವಲಿನವನು ಬಗ್ಗಿ ವಂದಿಸಿದ. ನಾವೂ ಬಗ್ಗಿದೆವು. ಗಾಡಿ ತಳ್ಳಿಕೊಂಡು ಸ್ಟೇಡಿಯಮ್ಮಿನ ಹಿಂದೆ ಕಸ ಹಾಕುವ ಜಾಗಕ್ಕೆ ಬಂದೆವು. ಒಂದೂ ತಪ್ಪು ನಡೆಯಲಿಲ್ಲ. ಸಿನಿಮಾದಲ್ಲಾದರೆ ಇಲ್ಲಿಗೆ ಹಿನ್ನೆಲೆ ಸಂಗೀತ ಬರಬೇಕು.

ನಾನು ಮೊದಲ ಡಬ್ಬವನ್ನು ಕಾಗದದ ತೊಟ್ಟಿಗೆ ಸುರಿಯಲು ಎತ್ತಿದೆ. ನಟ್ಸುಮೆ ಕೈ ಹಿಡಿದಳು.

"ದಾರ ಪ್ಲಾಸ್ಟಿಕ್‌ದು."

"ಏನೀಗ?"

"ಇದು ಕಾಗದದ ತೊಟ್ಟಿ. ದಾರ ಬಿಚ್ಚಿ ಬೇರೆ ಹಾಕ್ಬೇಕು."

"ನಟ್ಸುಮೆ, ನಾವು ಕಳ್ಳತನ ಮಾಡ್ತಿದೀವಿ ಕಣೇ!"

"ಕಳ್ಳತನ ಬೇರೆ, ಕಸ ಬೇರೆ. ಸೋಮವಾರ ಇದನ್ನ ಬೇರೆ ಮಾಡೋ ಹೆಂಗಸ್ರು ಏನ್ ತಪ್ಪು ಮಾಡಿದಾರೆ?"

ನಾಚಿಕೆಯ ವಿಷಯ ಅಂದರೆ, ನನಗೂ ಹಾಗೇ ಸುರಿಯಲು ಕೈ ಬರುತ್ತಿರಲಿಲ್ಲ. ಇಬ್ಬರೂ ಕುಕ್ಕರುಗಾಲಿನಲ್ಲಿ ಕುಳಿತು ದಾರ ಬಿಚ್ಚತೊಡಗಿದೆವು. ಹತ್ತು ಸಾವಿರ ದಾರ. ಸ್ವಲ್ಪ ಹೊತ್ತಿಗೆ ಸ್ವಯಂಸೇವಕಿ ಅಜ್ಜಿಯೊಬ್ಬಳು ಬಂದು "ಅಯ್ಯೋ ಪಾಪ, ಇಬ್ಬರೇ ಮಾಡ್ತಿದೀರಾ" ಎಂದು ನಮ್ಮ ಪಕ್ಕ ಕುಳಿತಳು. ಅವಳ ಬೆರಳು ನಮಗಿಂತ ಚುರುಕು. ಎರಡನೇ ಡಬ್ಬದ ತಳ ಕಾಣುವ ಹೊತ್ತಿಗೆ ಇಸ್ತ್ರಿ ಮಾಡಿದ ಪ್ಯಾಂಟೊಂದು ನಮ್ಮ ಮುಂದೆ ಬಂದು ನಿಂತಿತು.

ಸೆರಿಜಾವ ಅಜ್ಜಿಗೆ ಥ್ಯಾಂಕ್ಸ್ ಹೇಳಿ ಕಳುಹಿಸಿದ. ಆಮೇಲೆ ನನ್ನನ್ನು ನೋಡಿದ. ಮೊದಲ ಸಲ ಅವನ ಮುಖದಲ್ಲಿ ಇಸ್ತ್ರಿ ಇರಲಿಲ್ಲ.

"ಪೊಲೀಸರನ್ನ ಕರೀಬಹುದು. ಕರೆಯಲ್ಲ. ನೀವು ಸ್ಟೂಲ್ ಹತ್ತಿ, ಗಂಟೆ ಹೊಡೆದ ತಕ್ಷಣ ಕೈ ಇಳಿಸಿ ಹಾಡು ಶುರು ಮಾಡ್ತೀರಿ. ಮಾಡಿದ್ರೆ ನಾನು ಏನೂ ನೋಡಿಲ್ಲ. ಮಾಡ್ದಿದ್ರೆ ಇವತ್ತಿಂದ ನೀವು ಈ ಗೇಟ್ ದಾಟಲ್ಲ. ಈ ವರ್ಷ ಅಲ್ಲ, ಮುಂದಿನ ವರ್ಷ ಅಲ್ಲ, ಯಾವತ್ತೂ."

ನಾನು ತಲೆ ಬಗ್ಗಿಸಿದೆ. ಸೊಂಟದವರೆಗೆ ಬಗ್ಗಿಸಿ "ಕ್ಷಮಿಸಿ, ಹಾಡಿಸ್ತೀನಿ" ಅಂದೆ. ನಟ್ಸುಮೆ ನನ್ನನ್ನು ಉಗುಳುವವಳ ಹಾಗೆ ನೋಡಿದಳು. ನಿಜ ಹೇಳುತ್ತೇನೆ, ಆಗ ನಾನು ನಾಟಕ ಆಡುತ್ತಿರಲಿಲ್ಲ. ಆರು ವರ್ಷ ನಿಂತ ಜಾಗ ಅದು. ಅದು ಬಿಟ್ಟರೆ ನನ್ನ ಹತ್ತಿರ ಮೀನಿನ ವಾಸನೆ ಮಾತ್ರ ಇದೆ.

ಮಧ್ಯಾಹ್ನ ಒಂದು ಗಂಟೆ. ಸಮುದ್ರದ ಕಡೆಯಿಂದ ಹಿಮ ಬೆರೆತ ಮಳೆ ಅಡ್ಡಡ್ಡ ಬೀಳುತ್ತಿತ್ತು. ಸ್ಟೇಡಿಯಂ ತುಂಬಿತ್ತು, ಹೆಚ್ಚುಕಮ್ಮಿ ಎಲ್ಲರ ಕುತ್ತಿಗೆಯಲ್ಲೂ ಚೀಟಿ. ನಾನು ಸ್ಟೂಲು ಹತ್ತಿ ಜನರ ಕಡೆ ಮುಖ ಮಾಡಿ ನಿಂತೆ. ಹತ್ತು ಜನ ಮೈದಾನಕ್ಕೆ ಬಂದರೆಂದು ಎದುರಿನ ಮುಖಗಳಿಂದ ತಿಳಿಯಿತು. ಮೈಕಿನಲ್ಲಿ ಸ್ಟೇಷನ್ ಗಂಟೆ ಹೊಡೆಯಿತು. ಕೈ ಎತ್ತಿದೆ. ಆರುನೂರು ಬಾಯಿ ತೆರೆದುಕೊಂಡವು. ಎಲ್ಲರೂ ಈಗಾಗಲೇ ನಗುತ್ತಿದ್ದರು. ನನ್ನ ಹಿಂದೆ ಎಲ್ಲೋ ಇರುವ, ನಾನು ನೋಡದ ಒಬ್ಬ ಮನುಷ್ಯನನ್ನು ನೋಡಿ ನಗುತ್ತಿದ್ದರು. ಆ ನಗು ಅಷ್ಟೂ ನನ್ನ ಬಾಯಿಂದ ಹೊರಟದ್ದು.

ಏನು ನೋಡಿ ನಗುತ್ತಿದ್ದಾರೆ? ಅದಾದರೂ ನೋಡಬೇಕಲ್ಲ.

ಎತ್ತಿದ ಕೈ ಎತ್ತಿದ ಹಾಗೇ ಹಿಡಿದು ತಿರುಗಿದೆ.

ಒಳಗಿಂದ ಆಟಗಾರರು ಬರುವ ಬಾಗಿಲ ಬಳಿ ಇರಿಫುನೆ ನಿಂತಿದ್ದ. ಗುರುವಾರ ಬೇಲಿಯ ಬಳಿ ಕಂಡದ್ದಕ್ಕಿಂತ ಗಿಡ್ಡ ಕಂಡ. ಎಡಮೊಣಕಾಲಿಗೆ ದಪ್ಪ ಪಟ್ಟಿ. ಕ್ಲಬ್ಬಿನ ಒಬ್ಬ ಹುಡುಗಿ ಅವನ ತೋಳು ಹಿಡಿದು ಎರಡು ನಿಮಿಷ ಮುಗಿಯಲೆಂದು ಗಡಿಯಾರ ನೋಡುತ್ತಿದ್ದಳು. ತಲೆಯ ಮೇಲೆ ಸ್ಟೇಷನ್ ಮಾಸ್ಟರ್ ಟೋಪಿ. ಹತ್ತು ಸಾವಿರ ಜನರ ಮುಂದೆ ಅವನು ಕಾಲಿನ ಬುಡದ ಹುಲ್ಲು ನೋಡುತ್ತ ನಿಂತಿದ್ದ, ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದ ಹುಡುಗನ ಹಾಗೆ.

"ಕಾಬು, ಕೈ!" ಹಿಂದಿನಿಂದ ಯಾರೋ ಕೂಗಿದರು. "ಕೈ ಇಳ್ಸೋ!"

ಇಳಿಸಲಿಲ್ಲ. ಡೋಲಿನ ಮೇಲೆ ಎರಡು ಕೋಲು ಮೆಲ್ಲಗೆ ಇಟ್ಟ ಸದ್ದು ಕೇಳಿಸಿತು. ನಟ್ಸುಮೆ ಕೈ ಕಟ್ಟಿ ನಿಂತಿದ್ದಳು.

ಮೈಕಿನ ಹಾಡು ತಾನೇ ಶುರುವಾಯಿತು. ಪರದೆಯ ಮೇಲೆ ಸಾಲುಗಳು ಓಡಿದವು. ಪಕ್ಕದ ಗ್ಯಾಲರಿಗಳ ಜನ ಹಾಡಿದರು, ಆದರೆ ಡೋಲಿಲ್ಲ, ಒಬ್ಬರು ಮುಂದೆ, ಒಬ್ಬರು ಹಿಂದೆ. ಗೋಲಿನ ಹಿಂದಿನ ಆರುನೂರು ಜನ ಬಾಯಿ ಬಿಡದಿರುವುದು ಕಂಡು ಅವರಿಗೆ ಮುಜುಗರವಾಯಿತು. ನಮ್ಮವರು ಎಲ್ಲ ತಡೆದುಕೊಳ್ಳುತ್ತಾರೆ, ಒಂಟಿಯಾಗಿ ಹಾಡುವುದನ್ನು ತಡೆದುಕೊಳ್ಳುವುದಿಲ್ಲ. ಎರಡನೇ ಸಾಲಿಗೆ ಅರ್ಧ ಜನ ನಿಂತರು. ನಾಲ್ಕನೇ ಸಾಲನ್ನು ಹಾಡಿದ್ದು ಮೈಕೊಂದೇ.

ಇರಿಫುನೆ ತಲೆ ಎತ್ತಿ ನಮ್ಮ ಗ್ಯಾಲರಿ ಕಡೆ ನೋಡಿದ. ಮೈದಾನದಿಂದ ಮೊದಲ ಸಲ ನನ್ನ ಬೆನ್ನಿನ ಬದಲು ಮುಖ ಕಂಡಿರಬೇಕು. ಟೋಪಿ ತೆಗೆದು ಆ ಹುಡುಗಿಯ ಕೈಯಲ್ಲಿಟ್ಟು, ಅವಳಿಗೆ ಬಗ್ಗಿ ವಂದಿಸಿ, ಎರಡು ನಿಮಿಷಕ್ಕೆ ಕಾಯದೆ ಮೈದಾನಕ್ಕೆ ಓಡಿದ.

ಆಮೇಲೆ ನಾನು ಆಟ ನೋಡಿದೆ. ಆರು ವರ್ಷದಲ್ಲಿ ಮೊದಲ ಆಟ. ನೋಡನೋಡುತ್ತ ನನ್ನ ಸಿಟ್ಟು ಬೆಳೆಯುತ್ತಲೇ ಹೋಯಿತು. ನಮ್ಮ ಟೀಮಿನಲ್ಲಿ ಎಲ್ಲರಿಗೂ ಮುಂದೆ ನುಗ್ಗುವ ಚಟ. ಎಡಗಡೆಯವನು ನುಗ್ಗುತ್ತಾನೆ, ಚೆಂಡು ಕಳೆದುಕೊಳ್ಳುತ್ತಾನೆ, ಅವನ ಜಾಗ ಖಾಲಿ. ಬಲತುದಿಯ ಇರಿಫುನೆ ಅಷ್ಟು ದೂರದಿಂದ ಅಡ್ಡ ಓಡಿ ಅವನ ತೂತು ಮುಚ್ಚುತ್ತಾನೆ. ನಡುವಿನವನು ಜಾರಿ ಬೀಳುತ್ತಾನೆ, ಅದನ್ನೂ ಇವನೇ ಮುಚ್ಚುತ್ತಾನೆ. ಅಷ್ಟರಲ್ಲಿ ಉಳಿದವರೆಲ್ಲ ತಂತಮ್ಮ ಜಾಗಕ್ಕೆ ಬಂದು ನಿಂತಿರುತ್ತಾರೆ. ಇವನು ಊರವರ ಮನೆ ಬಾಗಿಲನ್ನೆಲ್ಲ ಹಾಕಿಕೊಂಡು ಕೊನೆಗೆ ತನ್ನ ಮನೆಗೆ ಬರುತ್ತಾನೆ. ಕೊನೆಗೆ ಬರುತ್ತಾನೆ. ಅದನ್ನೇ ನಾನು ತಡ ಎಂದು ದೇಶಕ್ಕೆಲ್ಲ ಡಂಗುರ ಸಾರಿದ್ದು.

ಮೂವತ್ತೆಂಟನೇ ನಿಮಿಷದಲ್ಲಿ ನಮ್ಮ ಗೋಲ್‌ಕೀಪರ್ ಬಿದ್ದು, ಚೆಂಡು ಖಾಲಿ ಗೋಲಿನತ್ತ ಉರುಳುತ್ತಿತ್ತು. ಮಳೆಯಲ್ಲಿ ಎಲ್ಲಿಂದಲೋ ಬಂದ ಇರಿಫುನೆ ಗೆರೆಯ ಮೇಲೆ ಮೈ ಚೆಲ್ಲಿ, ಪಟ್ಟಿ ಕಟ್ಟಿದ ಅದೇ ಮೊಣಕಾಲಿನಿಂದ ಚೆಂಡನ್ನು ಹೊರಗೆ ತಳ್ಳಿದ. ನನಗೆ ಹತ್ತು ಅಡಿ ದೂರದಲ್ಲಿ. ಅವನ ಉಸಿರು ಕೇಳಿಸುವಷ್ಟು ಹತ್ತಿರ. ಪಕ್ಕದ ಗ್ಯಾಲರಿಯಲ್ಲಿ ಯಾರೋ ಅಭ್ಯಾಸಬಲದಿಂದ ಚೀಟಿ ಆಡಿಸಿ ನಕ್ಕರು.

"ಯಾವನೋ ಅವನು ನಗೋನು!" ನಾನು ಮೆಗಾಫೋನಿನಲ್ಲೇ ಕೂಗಿದೆ. "ಎದ್ದು ನಿಂತ್ಕೊಂಡು ನಗೋ, ಮುಖ ನೋಡ್ತೀನಿ!"

ಅದು ಸ್ಟೇಡಿಯಮ್ಮಿನ ನಿಯಮ ಹನ್ನೊಂದಕ್ಕೆ ವಿರುದ್ಧ. ಕೈ ಇಳಿಸದಿರುವುದು ಯಾವ ನಿಯಮಕ್ಕೂ ವಿರುದ್ಧವಲ್ಲ, ಆದ್ದರಿಂದ ಸೆರಿಜಾವನಿಗೆ ಇದೇ ಸಾಕಾಯಿತು. ಅರ್ಧ ಆಟ ಮುಗಿಯುತ್ತಲೇ ಇಬ್ಬರು ಕಾವಲಿನವರು ಬಂದು ಬಹಳ ಮರ್ಯಾದೆಯಿಂದ ನನ್ನನ್ನು ಹೊರಗೆ ಕರೆದೊಯ್ದರು. ಯಾವತ್ತೂ ಒಳಗೆ ಬರುವಂತಿಲ್ಲ ಎಂಬ ಕಾಗದಕ್ಕೆ ಗೇಟಿನ ಬಳಿ ಸಹಿ ಹಾಕಿಸಿಕೊಂಡರು. ಪೆನ್ನು ಬರೆಯಲಿಲ್ಲ. ಇನ್ನೊಂದು ತಂದು ಅದಕ್ಕೂ ಕ್ಷಮೆ ಕೇಳಿದರು.

ಎರಡನೇ ಅರ್ಧವನ್ನು ಗೋಡೆಯ ಆಚೆ ಕೇಳಿದೆ. ಹಾಡು ಬರಲಿಲ್ಲ. ಆಗಾಗ ಡೋಲಿನ ಮೂರು ಏಟು, ಅದರ ಮೇಲೆ ಬರೀ ಹೆಸರು: ಇರಿಫುನೆ. ಮ್ಯಾಚು ಸೊನ್ನೆ ಸೊನ್ನೆಯಲ್ಲಿ ಮುಗಿಯಿತು.

ಆಟಗಾರರ ಕಾರು ನಿಲ್ಲುವ ಜಾಗದಲ್ಲಿ ಕಾದೆ. ಅವನು ಕುಂಟುತ್ತ ಬಂದ. ನನ್ನ ಮುಖದಲ್ಲಿ ಏನು ಕಂಡಿತೋ, ಚೀಲ ಕೆಳಗಿಟ್ಟ.

"ಕಸಾನೆಯವನು ನಡುವೆಯೇ ಎದ್ದು ಹೋದ" ಅಂದ.

"ಯಾಕೆ? ಅಷ್ಟು ಚೆನ್ನಾಗಿ... ನಾನು ನೋಡಿದೆ ಇರಿಫುನೆ ಸಾನ್. ಈ ಸಲ ನೋಡಿದೆ."

"ಹಾಡು ಯಾವಾಗ ಶುರು ಆಗುತ್ತೆ ಅಂತ ಸೆರಿಜಾವನ ಹತ್ರ ಮೂರು ಸಲ ಕೇಳಿದನಂತೆ. ಫೋನ್ ಹಿಡ್ಕೊಂಡು ಗ್ಯಾಲರೀನೇ ವಿಡಿಯೋ ಮಾಡ್ತಿದ್ದನಂತೆ. ಅವರ ಸ್ಟೇಡಿಯಂ ತುಂಬ್ತಿಲ್ಲ, ರೈಲು ಬಂದ್ರೆ ತುಂಬುತ್ತೆ ಅಂತ ಬಂದಿದ್ದು. ಹಾಡು ಬರದಿದ್ರೆ ಮೂವತ್ಮೂರು ವರ್ಷದ ರೈಟ್ ಬ್ಯಾಕ್ ಯಾಕೆ ಬೇಕು ಅಂದನಂತೆ."

"ಅಂದ್ರೆ ನಾನು ಕೈ ಇಳಿಸಿದ್ದಿದ್ರೆ..."

"ಸಹಿ ಹಾಕ್ತಿದ್ದೆ. ಎರಡು ವರ್ಷ."

ಪಕ್ಕದಲ್ಲಿ ಕಾಫಿ ಡಬ್ಬಿ ಮಾರುವ ಯಂತ್ರವಿತ್ತು. ನಾನು ಅದಕ್ಕೆ ಒದ್ದೆ. ಕಾಲು ನೋಯಿತು. ಇನ್ನೊಂದು ಸಲ ಒದ್ದೆ.

"ಏಯ್, ಅದೇನ್ ಮಾಡಿದೆ ನಿಂಗೆ?" ಇರಿಫುನೆ ನನ್ನ ಕಾಲರ್ ಹಿಡಿದು ಎಳೆದ. "ಕೇಳು. ನಿನ್ನ ಮೇಲೆ ನಂಗೆ ಇನ್ನೂ ಸಿಟ್ಟಿದೆ. ಇವತ್ತಿಂದಕ್ಕಲ್ಲ, ಮೂರು ವರ್ಷದ್ದಕ್ಕೆ. ಅದು ಹೋಗಲ್ಲ. ಅರ್ಥ ಆಯ್ತಾ?"

"ಆಯ್ತು."

"ಇವತ್ತಿಂದಕ್ಕೆ ಏನೂ ಇಲ್ಲ." ಕಾಲರ್ ಬಿಟ್ಟ. "ಅಲ್ಲಿ ಹೋಗಿದ್ರೂ ಟೋಪಿನೇ ಕೊಡ್ತಿದ್ರು. ಊರು ಬೇರೆ, ಟೋಪಿ ಒಂದೇ."

ಚೀಲ ಎತ್ತಿಕೊಂಡು ಹೋದ. ಥ್ಯಾಂಕ್ಸ್ ಅನ್ನಲಿಲ್ಲ. ಅಂದಿದ್ದರೆ ನಾನು ಆ ಯಂತ್ರಕ್ಕೆ ತಲೆ ಹೊಡೆದುಕೊಳ್ಳುತ್ತಿದ್ದೆ.

ಅವನು ಕ್ಲಬ್ಬಿನ ಆಫೀಸು ಕೆಲಸಕ್ಕೆ ಹೋಗಲಿಲ್ಲ. ಟೋಪಿ ಮಾತ್ರ ಅಂಗಡಿಯ ಕಿಟಕಿಯಲ್ಲಿ ಇನ್ನೂ ಇದೆಯಂತೆ, ನಟ್ಸುಮೆ ಹೇಳಿದಳು. ಏಪ್ರಿಲ್‌ನಲ್ಲಿ ಅವಳೇ ಸುದ್ದಿ ತಂದಳು: ರೈಲಿನಲ್ಲಿ ಎರಡು ಗಂಟೆ ದೂರದ ಊರಿನಲ್ಲಿ ಟ್ರ್ಯಾಕ್ಟರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದಿದೆ, ಅದರ ಟೀಮಿನಲ್ಲಿ ಇರಿಫುನೆ ಆಡುತ್ತಿದ್ದಾನೆ. ಹಗಲು ಲೇತ್ ಮೇಲೆ ಕೆಲಸ, ಸಂಜೆ ಪ್ರಾಕ್ಟೀಸು, ಭಾನುವಾರ ಜಿಲ್ಲಾ ಲೀಗು. ಮೊದಲಿನಿಂದ ಕೊನೆಯವರೆಗೆ, ರೈಟ್ ಬ್ಯಾಕ್.

ಹೋದೆ. ಅಲ್ಲಿ ನನಗೆ ನಿಷೇಧ ಇರಲಿಲ್ಲ, ಯಾಕೆಂದರೆ ಅಲ್ಲಿ ಗೇಟೇ ಇರಲಿಲ್ಲ. ಕಾರ್ಖಾನೆಯ ಹಿಂದೆ ಮಣ್ಣಿನ ದಿಬ್ಬ, ಅದರ ಮೇಲೆ ನೂರೈವತ್ತು ಜನ, ಊಟದ ಡಬ್ಬಿ, ಮಕ್ಕಳು, ಒಂದು ನಾಯಿ. ಮೈದಾನಕ್ಕೆ ಮುಖ ಮಾಡಿ ಕುಳಿತೆ. ಅವನು ಎಡಗಡೆಯ ತೂತು ಮುಚ್ಚಲು ಓಡುವುದನ್ನು, ಅಲ್ಲಿಂದ ಒಬ್ಬನೇ ವಾಪಸ್ಸು ಬರುವುದನ್ನು ನೋಡಿದೆ. ಮೊಣಕಾಲು ಇನ್ನೂ ಕೆಟ್ಟಿತ್ತು. ಎರಡು ವರ್ಷ ಆಡುವ ಕಾಲಲ್ಲ ಅದು ಈಗ. ಈ ವರ್ಷ ಮುಗಿದರೆ ಹೆಚ್ಚು. ಮೂರು ವರ್ಷ ಬೆಂಚಿನ ಮೇಲೆ ಕೂರಿಸಿ ತಿಂದುಹಾಕಿದೆವು ಆ ಕಾಲನ್ನು, ನಾನು, ಸೆರಿಜಾವ, ಚೀಟಿ ಆಡಿಸಿದ ದೇಶ, ಎಲ್ಲರೂ ಸೇರಿ.

ಪಕ್ಕದಲ್ಲಿ ಕಾರ್ಖಾನೆಯ ಅಂಗಿ ತೊಟ್ಟ ಒಬ್ಬ ಅನ್ನದ ಉಂಡೆ ತಿನ್ನುತ್ತಿದ್ದ. ಬಹಳ ಹೊತ್ತು ಮೈದಾನವನ್ನೇ ನೋಡಿದ, ತಟ್ಟನೆ ಅವನ ಮುಖ ಅರಳಿತು. ಮೊಣಕೈಯಿಂದ ನನ್ನನ್ನು ತಿವಿದ.

"ಲೇ, ಆ ಎರಡನೇ ನಂಬರು... ಟೀವೀಲಿ ಬರ್ತಿದ್ದ ಆ ಲೋಕಲ್ ರೈಲು ಅಲ್ವೇನೋ? ಏನೋ ಹಾಡಿತ್ತಲ್ಲ ಅದು, ಭಾರಿ ಮಜಾ ಇತ್ತು! ಹೆಂಗೆ ಅದು, ತಡವಾಗಿ..."

ಅವನು ಫೋನಿಗೆ ಕೈ ಹಾಕಿದ. ನಾನು ಅವನ ಮಣಿಕಟ್ಟು ಹಿಡಿದುಕೊಂಡೆ, ಗಟ್ಟಿಯಾಗಿ.

"ಇವರು ಅವರಲ್ಲ" ಅಂದೆ.

"ಅಲ್ವಾ? ಥೇಟ್ ಹಂಗೇ ಇದಾನಲ್ಲ..."

"ಅಲ್ಲ ಅಂದ್ನಲ್ಲ. ಬಾಯಿ ಮುಚ್ಕೊಂಡು ಆಟ ನೋಡು."